ಮಣಲಿಯ ಅಭಿಪ್ರಾಯ, ಅಂತರಜಾಲದ ದಾರಿ

ಸರ್ಕಾರವು ಒಂದು ವಿಷಯದಲ್ಲಿ ಏನು ಮಾಡಬೇಕು, ಏನನ್ನು ತಡೆಯಬೇಕು, ಯಾವುದಕ್ಕೆ ಅನುಮತಿ ಕೊಡಬೇಕು ಎಂದು ತೀರ್ಮಾನಿಸಿ, ಆ ತೀರ್ಮಾನವನ್ನು ಕಾನೂನು, ನಿಯಮ ಅಥವಾ ಅಧಿಸೂಚನೆಯ ರೂಪದಲ್ಲಿ ಹೊರಡಿಸಿದಾಗ ಅದನ್ನು ಸಾರ್ವಜನಿಕ ನೀತಿ ಎನ್ನುತ್ತಾರೆ. ನೀತಿಯು ಕರಡಿನ ಹಂತದಲ್ಲಿರುವಾಗಲೇ ಅದನ್ನು ಜಾಲತಾಣದಲ್ಲಿ ಪ್ರಕಟಿಸಿ, ಇಂತಿಷ್ಟು ದಿನಗಳೊಳಗೆ ಅಭಿಪ್ರಾಯ ಕಳುಹಿಸಿರಿ ಎಂದು ಜನರನ್ನು ಕೇಳುವ ಪದ್ಧತಿ ಭಾರತದಲ್ಲಿ ಈಚಿನ ವರ್ಷಗಳಲ್ಲಿ ರೂಢಿಗೆ ಬಂದಿದೆ. ಕೇಂದ್ರ ಕಾನೂನು ಸಚಿವಾಲಯವು 2014ರ ಫೆಬ್ರುವರಿಯಲ್ಲಿ ಎಲ್ಲ ಇಲಾಖೆಗಳಿಗೂ ಈ ಕುರಿತು ಸೂಚನೆ ಕಳುಹಿಸಿತು. ಅದೇ ವರ್ಷದ ಜುಲೈಯಲ್ಲಿ ಜನರ ಸಲಹೆಗಳಿಗಾಗಿ ಮೈಗವ್ ಎಂಬ ಸರ್ಕಾರಿ ಜಾಲತಾಣವು ಆರಂಭವಾಯಿತು. ಈ ಪದ್ಧತಿಯಿಂದ ನಾಗರಿಕನಿಗೆ ದೊರೆತದ್ದೇನು, ದೊರೆಯದೆ ಉಳಿದದ್ದೇನು ಎಂಬುದೇ ಇಂದಿನ ಭಾಷಣದ ವಿಷಯ.

ವಿಷಯವು ಬರಿಯ ತತ್ತ್ವಚರ್ಚೆಯಾಗದಿರಲೆಂದು ಒಂದು ಊರನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಆ ಊರು ಚೆನ್ನೈ ನಗರದ ಉತ್ತರ ಅಂಚಿನ ಮಣಲಿ.

ಮಣಲಿಯನ್ನು ನೋಡದ ಕೇಳುಗರಿಗಾಗಿ ಅದರ ಪರಿಚಯ ಅಗತ್ಯ. ಪೂರ್ವಕ್ಕೆ ತಿರುವೊಟ್ರಿಯೂರು, ಅದರಾಚೆ ಬಂಗಾಳ ಕೊಲ್ಲಿ, ಪಶ್ಚಿಮಕ್ಕೆ ಮಾಧವರಂ, ಸಮೀಪದಲ್ಲಿ ಹರಿಯುವ ಬಕಿಂಗ್‌ಹ್ಯಾಮ್ ಕಾಲುವೆಯು ಉತ್ತರಕ್ಕೆ ಸಾಗಿ ಎಣ್ಣೂರಿನ ಅಳಿವೆಯನ್ನು, ಅಂದರೆ ಕೊಸಸ್ತಲೈಯಾರ್ ನದಿಯು ಸಮುದ್ರವನ್ನು ಕೂಡುವ ಉಪ್ಪುನೀರಿನ ಹರಹನ್ನು, ಸೇರುತ್ತದೆ. 1965ರಲ್ಲಿ ಸ್ಥಾಪಿತವಾಗಿ 1969ರಲ್ಲಿ ಕೆಲಸ ಆರಂಭಿಸಿದ ಮದ್ರಾಸ್ ರಿಫೈನರೀಸ್ ಎಂಬ ತೈಲ ಸಂಸ್ಕರಣಾಗಾರ ಈ ಊರಿನ ಚರಿತ್ರೆಯನ್ನೇ ಬದಲಿಸಿತು. ಇಂದು ಚೆನ್ನೈ ಪೆಟ್ರೋಲಿಯಂ ಕಾರ್ಪೊರೇಷನ್ ಎಂದು ಕರೆಯಲಾಗುವ ಆ ಕಾರ್ಖಾನೆಯು ವರ್ಷಕ್ಕೆ ಸುಮಾರು 1 ಕೋಟಿ ಟನ್ ಕಚ್ಚಾ ತೈಲವನ್ನು ಸಂಸ್ಕರಿಸಬಲ್ಲದು. ಅದರ ಬೆನ್ನಿಗೆ ಮದ್ರಾಸ್ ಫರ್ಟಿಲೈಜರ್ಸ್ ಎಂಬ ಗೊಬ್ಬರದ ಕಾರ್ಖಾನೆ ಬಂತು; ಸಂಸ್ಕರಣಾಗಾರದ ಉತ್ಪನ್ನಗಳನ್ನೇ ಕಚ್ಚಾವಸ್ತುವಾಗಿ ಬಳಸುವ ಪೆಟ್ರೋರಾಸಾಯನಿಕ ಘಟಕಗಳು ಸಾಲುಸಾಲಾಗಿ ತಲೆಯೆತ್ತಿದವು. ಈ ಎಲ್ಲದರ ನಡುವೆ ಜನರು ವಾಸಿಸುತ್ತಾರೆ. 2011ರ ಜನಗಣತಿಯ ವೇಳೆಗೆ ಸುಮಾರು 35 ಸಾವಿರ ಜನರಿದ್ದ ಮಣಲಿ ಪುರಸಭೆಯು ಅದೇ ವರ್ಷ ಚೆನ್ನೈ ಮಹಾನಗರ ಪಾಲಿಕೆಯೊಳಗೆ ವಿಲೀನವಾಗಿ, ಪಾಲಿಕೆಯ ಎರಡನೆಯ ವಲಯಕ್ಕೆ ತನ್ನ ಹೆಸರನ್ನು ಕೊಟ್ಟಿತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳ ಗಾಳಿ, ನೀರು, ನೆಲಗಳ ಸ್ಥಿತಿಯನ್ನು ಅಳೆದು, ನೂರಕ್ಕೆ ಇಂತಿಷ್ಟು ಎಂಬ ಸೂಚ್ಯಂಕವನ್ನು ಪ್ರಕಟಿಸಿತು. ಎಪ್ಪತ್ತು ದಾಟಿದ 43 ಪ್ರದೇಶಗಳನ್ನು ತೀವ್ರ ಮಲಿನ ಪ್ರದೇಶಗಳೆಂದು ಕರೆಯಲಾಯಿತು. ಮಣಲಿಯ ಅಂಕ 76. ಅದೇ ಪಟ್ಟಿಯಲ್ಲಿ ಕರ್ನಾಟಕದ ಮಂಗಳೂರು ಮತ್ತು ಭದ್ರಾವತಿಯೂ ಇದ್ದುವೆಂಬುದನ್ನು ಕೇಳುಗರು ಗಮನಿಸಬೇಕು. ಆದ್ದರಿಂದ ಮಣಲಿಯ ಕುರಿತು ಹೇಳುವ ಮಾತು ಮಂಗಳೂರಿನ ಬೈಕಂಪಾಡಿ, ಜೋಕಟ್ಟೆಗಳಿಗೂ ದೂರದ್ದಲ್ಲ. 2018ರ ಮರುಮಾಪನದಲ್ಲಿ ಮಣಲಿಯ ಅಂಕವು ಇಳಿಯುವ ಬದಲು 80ನ್ನು ದಾಟಿತ್ತು.

ಇಂಥ ಊರಿನ ನಿವಾಸಿಯು ತನ್ನ ಗಾಳಿಯ ವಿಷಯದಲ್ಲಿ ಮಾತನಾಡಬೇಕಾದರೆ ಕಾನೂನು ಯಾವ ಬಾಗಿಲನ್ನು ತೆರೆದಿದೆ? ಉತ್ತರಕ್ಕಾಗಿ ಅಂತರಜಾಲಕ್ಕಿಂತ ಹಳೆಯದಾದ ಒಂದು ವ್ಯವಸ್ಥೆಯನ್ನು ಮೊದಲು ತಿಳಿಯಬೇಕು. ದೊಡ್ಡ ಕಾರ್ಖಾನೆ, ಗಣಿ, ಬಂದರು ಮೊದಲಾದವುಗಳಿಗೆ ಅನುಮತಿ ಕೊಡುವ ಮುನ್ನ ಅವು ಪರಿಸರದ ಮೇಲೆ ಬೀರಬಹುದಾದ ಪ್ರಭಾವವನ್ನು ಅಧ್ಯಯನ ಮಾಡಿ ವರದಿ ಸಿದ್ಧಪಡಿಸುವುದಕ್ಕೆ ಪರಿಸರ ಪರಿಣಾಮ ಅಂದಾಜು ಎಂದು ಹೆಸರು. 1994ರ ಜನವರಿಯಲ್ಲಿ ಇದು ಕಡ್ಡಾಯವಾಯಿತು. 1997ರ ಏಪ್ರಿಲ್‌ನಲ್ಲಿ ಅದಕ್ಕೆ ಸಾರ್ವಜನಿಕ ಅಹವಾಲು ಸಭೆಯನ್ನು ಸೇರಿಸಲಾಯಿತು. 2006ರ ಸೆಪ್ಟೆಂಬರ್‌ನ ಅಧಿಸೂಚನೆಯು ಆ ಸಭೆಯ ವಿಧಿವಿಧಾನಗಳನ್ನು ವಿವರವಾಗಿ ಬರೆಯಿತು. ಯೋಜನೆಯ ಸ್ಥಳದಲ್ಲೋ ಅದರ ಸಮೀಪದಲ್ಲೋ ಶಾಮಿಯಾನ ಹಾಕಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ನಡೆಯುವ ಈ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು; ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿ ಸಿಗಬೇಕು; ನಡಾವಳಿಯನ್ನು ವಿಡಿಯೋ ಮಾಡಬೇಕು; ಸಭೆಯ ಕೊನೆಯಲ್ಲಿ ಅದರ ಸಾರವನ್ನು ಸೇರಿದವರಿಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕು. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶವೊಂದಿದೆ. ಜನರು ಎತ್ತಿದ ಪ್ರತಿಯೊಂದು ಪ್ರಶ್ನೆಯನ್ನೂ ಬರೆದು, ಅದರ ಎದುರಿಗೆ ಯೋಜನೆಯನ್ನು ತಂದವರ ಉತ್ತರವನ್ನೂ ಬರೆದ ಒಂದು ತಃಖ್ತೆಯನ್ನು ಸಿದ್ಧಪಡಿಸಬೇಕು. ಆ ಉತ್ತರಗಳು ಹಲವು ವೇಳೆ ಕಾಟಾಚಾರದವಾಗಿರುತ್ತವೆ ಎಂಬ ದೂರು ನಿಜವೇ ಇರಬಹುದು. ಆದರೂ ಉತ್ತರ ಬರೆಯಲು ಒಂದು ಅಂಕಣವಿದೆ, ಅದನ್ನು ತುಂಬಬೇಕೆಂಬ ನಿಯಮವಿದೆ.

ಆದರೆ ಅದೇ ಅಧಿಸೂಚನೆಯಲ್ಲಿ ಒಂದು ವಿನಾಯಿತಿಯೂ ಇದೆ. ಸರ್ಕಾರದಿಂದ ಅನುಮೋದಿತವಾದ ಕೈಗಾರಿಕಾ ವಸಾಹತಿನ ಒಳಗೆ ಬರುವ ಘಟಕಗಳಿಗೆ ಅಹವಾಲು ಸಭೆಯ ಅಗತ್ಯವಿಲ್ಲ. ವಸಾಹತಿಗೆ ಒಪ್ಪಿಗೆ ಕೊಡುವಾಗಲೇ ಎಲ್ಲವನ್ನೂ ಯೋಚಿಸಲಾಗಿದೆ ಎಂಬುದು ಇದರ ಹಿಂದಿನ ತರ್ಕ. ಅರ್ಧ ಶತಮಾನದ ಹಿಂದೆ, ಪರಿಸರ ಕಾನೂನುಗಳೇ ಇಲ್ಲದಿದ್ದ ಕಾಲದಲ್ಲಿ ಬೆಳೆಯತೊಡಗಿದ ಕೈಗಾರಿಕಾ ಪ್ರದೇಶಗಳ ಮಟ್ಟಿಗೆ ಈ ತರ್ಕ ಎಷ್ಟು ದುರ್ಬಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲಿನ್ಯವು ಅತಿ ದಟ್ಟವಾಗಿರುವ ಜಾಗದಲ್ಲೇ ಶಾಮಿಯಾನ ಏಳುವ ಸಂಭವ ಕಡಿಮೆ. ಹೀಗಾಗಿ ಇಂಥ ಊರಿನವರಿಗೆ ಒಂದೊಂದು ಕಾರ್ಖಾನೆಯ ಕುರಿತು ಮಾತನಾಡುವ ಅವಕಾಶಕ್ಕಿಂತ ನಿಯಮವನ್ನೇ ರೂಪಿಸುವ ಹಂತದಲ್ಲಿ ಮಾತನಾಡುವ ಅವಕಾಶ ಹೆಚ್ಚು ಬೆಲೆಯುಳ್ಳದ್ದು. ಆ ಅವಕಾಶ ಈಗ ಬರುವುದು ಅಂತರಜಾಲದ ಮೂಲಕ.

ಇಲ್ಲಿಯವರೆಗಿನ ಮಾತಿನ ಸಾರ ಇಷ್ಟು: ಮಣಲಿಯು ತೀವ್ರ ಮಲಿನವೆಂದು ಸರ್ಕಾರವೇ ಗುರುತಿಸಿದ ಊರು, ಹಳೆಯ ಅಹವಾಲು ಸಭೆಯಲ್ಲಿ ಉತ್ತರದ ಅಂಕಣವಿತ್ತು, ಆದರೆ ಕೈಗಾರಿಕಾ ವಸಾಹತುಗಳಿಗೆ ವಿನಾಯಿತಿಯೂ ಇತ್ತು. ಇನ್ನು ಅಂತರಜಾಲದ ಮೂಲಕ ನಡೆದ ಅತಿ ದೊಡ್ಡ ಸಮಾಲೋಚನೆಯೊಂದರ ಕಡೆಗೆ ಹೊರಳಬಹುದು.

2006ರ ಅಧಿಸೂಚನೆಯ ಜಾಗದಲ್ಲಿ ಹೊಸದನ್ನು ತರಲು ಕೇಂದ್ರ ಪರಿಸರ ಸಚಿವಾಲಯವು 2020ರ ಮಾರ್ಚ್‌ನಲ್ಲಿ ಕರಡೊಂದನ್ನು ಸಿದ್ಧಪಡಿಸಿತು. ಏಪ್ರಿಲ್ 11ರಂದು ಅದು ರಾಜ್ಯಪತ್ರದಲ್ಲಿ ಪ್ರಕಟವಾದಾಗ ದೇಶವು ಕೊರೋನಾ ಲಾಕ್‌ಡೌನ್‌ನಲ್ಲಿತ್ತು. ಅಹವಾಲು ಸಭೆಯ ಮುನ್ಸೂಚನೆಯನ್ನು 30 ದಿನಗಳಿಂದ 20ಕ್ಕೆ ಇಳಿಸುವುದು, ಅನುಮತಿಯಿಲ್ಲದೆ ಕೆಲಸ ಆರಂಭಿಸಿದ ಯೋಜನೆಗಳಿಗೆ ದಂಡ ಕಟ್ಟಿಸಿಕೊಂಡು ಆಮೇಲೆ ಅನುಮತಿ ಕೊಡುವುದು ಮುಂತಾದ ಅಂಶಗಳು ಅದರಲ್ಲಿದ್ದವು. ಆಕ್ಷೇಪಣೆ ಸಲ್ಲಿಸಲು 60 ದಿನಗಳ ಗಡುವು. ಕಳುಹಿಸಲು ಅಂಚೆಯ ಜೊತೆಗೆ ಒಂದು ಇಮೇಲ್ ವಿಳಾಸ. ಅಂಚೆ ಕಚೇರಿಗೂ ಹೋಗಲಾಗದ ದಿನಗಳಲ್ಲಿ ಆ ವಿಳಾಸವೇ ಇಡೀ ದೇಶದ ಅಹವಾಲು ಸಭೆಯಾಯಿತು.

ಕರಡು ದೊರೆಯುತ್ತಿದ್ದುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎಣ್ಣೂರಿನ ಮೀನುಗಾರನಿಗೆ ಅದು ತಮಿಳಿನಲ್ಲಿ ಇರಲಿಲ್ಲ. ಜೋಕಟ್ಟೆಯ ನಿವಾಸಿಗೆ ಕನ್ನಡದಲ್ಲಿ ಇರಲಿಲ್ಲ. ಈ ಪ್ರಶ್ನೆಯು ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಜೂನ್ 30ರಂದು ನ್ಯಾಯಾಲಯವು ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಿಗೂ ಕರಡನ್ನು ಹತ್ತು ದಿನಗಳೊಳಗೆ ಅನುವಾದಿಸಿ ಪ್ರಕಟಿಸಬೇಕೆಂದು ಆದೇಶಿಸಿತು. ಆ ಆದೇಶವನ್ನು ಪಾಲಿಸುವುದಕ್ಕಿಂತ ಪ್ರಶ್ನಿಸುವುದರಲ್ಲಿ ಕೇಂದ್ರ ಸರ್ಕಾರವು ಹೆಚ್ಚು ಉತ್ಸಾಹ ತೋರಿತು. ರಾಜ್ಯಪತ್ರದ ಪ್ರಕಟಣೆಯು ಇಂಗ್ಲಿಷ್ ಹಿಂದಿಗಳಲ್ಲಿದ್ದರೆ ಕಾನೂನಿನ ಪ್ರಕಾರ ಸಾಕು ಎಂಬುದು ಅದರ ವಾದ. ಇತ್ತ ಬೆಂಗಳೂರಿನಲ್ಲಿ, ಪರಿಸರ ಸಂಘಟನೆಯೊಂದರ ಅರ್ಜಿಯನ್ನು ಆಲಿಸಿದ ಕರ್ನಾಟಕ ಉಚ್ಚ ನ್ಯಾಯಾಲಯವು ಆಗಸ್ಟ್ 5ರಂದು, ಸೆಪ್ಟೆಂಬರ್ 7ರವರೆಗೆ ಅಂತಿಮ ಅಧಿಸೂಚನೆಯನ್ನು ಹೊರಡಿಸಕೂಡದೆಂದು ಕೇಂದ್ರವನ್ನು ತಡೆಯಿತು. ದೆಹಲಿಯ ಆದೇಶದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಕೇಂದ್ರವು ಒಯ್ದ ಮೇಲ್ಮನವಿಯು ಅದೇ ತಿಂಗಳು ವಿಫಲವಾಯಿತು.

ಈ ಪ್ರಕರಣದಲ್ಲಿ ಇನ್ನೊಂದು ಘಟನೆಯೂ ಉಂಟು. ಕರಡನ್ನು ವಿರೋಧಿಸಿ ಇಮೇಲ್ ಕಳುಹಿಸಲು ಯುವಜನರನ್ನು ಪ್ರೇರೇಪಿಸುತ್ತಿದ್ದ ಮೂರು ಜಾಲತಾಣಗಳು ಆ ಜುಲೈಯಲ್ಲಿ ತೆರೆಯದಂತಾದವು. ಅವುಗಳಲ್ಲೊಂದಕ್ಕೆ ದೆಹಲಿ ಪೊಲೀಸರು ಕಳುಹಿಸಿದ ನೋಟಿಸಿನಲ್ಲಿ, ಸಚಿವರ ಇಮೇಲ್ ಪೆಟ್ಟಿಗೆಗೆ ಅಗಾಧ ಸಂಖ್ಯೆಯಲ್ಲಿ ಪತ್ರಗಳು ಬರುತ್ತಿವೆ ಎಂಬ ದೂರಿನ ಜೊತೆಗೆ, ಭಯೋತ್ಪಾದನೆಯನ್ನು ತಡೆಯಲು ಇರುವ ಕಾನೂನಿನ ಉಲ್ಲೇಖವೂ ಇತ್ತು. ಆಮೇಲೆ ಆ ನೋಟಿಸನ್ನು ಹಿಂದಕ್ಕೆ ಪಡೆಯಲಾಯಿತು. ಅಭಿಪ್ರಾಯ ಕಳುಹಿಸಿರಿ ಎಂದು ಆಹ್ವಾನಿಸಿದವರು ಬಂದ ಅಭಿಪ್ರಾಯಗಳ ಸಂಖ್ಯೆಗೇ ಬೆಚ್ಚಿಬಿದ್ದ ಉದಾಹರಣೆ ಇದಕ್ಕಿಂತ ಸ್ಪಷ್ಟವಾದುದು ಸಿಗಲಾರದು.

ಸಚಿವಾಲಯಕ್ಕೆ ಬಂದ ಪತ್ರಗಳು ಸುಮಾರು 20 ಲಕ್ಷವೆಂದು ಆಗ ವರದಿಯಾಯಿತು. ಕರಡು ಆ ರೂಪದಲ್ಲಿ ಅಂತಿಮ ಅಧಿಸೂಚನೆಯಾಗಲಿಲ್ಲ. ಇದನ್ನು ನಾಗರಿಕರ ಗೆಲುವು ಎಂದು ಕರೆಯುವವರಿದ್ದಾರೆ. ಆದರೆ ಕರಡು ನಿಂತದ್ದು ಯಾವ ಆಕ್ಷೇಪಣೆಯ ಕಾರಣದಿಂದ, ಯಾವ ವಾದವನ್ನು ಸಚಿವಾಲಯವು ಒಪ್ಪಿತು, ಯಾವುದನ್ನು ತಳ್ಳಿಹಾಕಿತು ಎಂಬುದನ್ನು ಒಂದೊಂದಾಗಿ ಹೇಳುವ ಬಾಧ್ಯತೆಯನ್ನು ಆ ಪ್ರಕ್ರಿಯೆಯ ನಿಯಮಗಳು ಸಚಿವಾಲಯದ ಮೇಲೆ ಹೊರಿಸಿರಲಿಲ್ಲ. ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕೆಂದು 1986ರ ಪರಿಸರ ಸಂರಕ್ಷಣಾ ನಿಯಮಗಳು ಹೇಳುತ್ತವೆ; ಪರಿಗಣಿಸಿದ್ದನ್ನು ತೋರಿಸಬೇಕೆಂದು ಹೇಳುವುದಿಲ್ಲ. ಶಾಮಿಯಾನದ ಸಭೆಗಿದ್ದ ಉತ್ತರದ ಅಂಕಣವು ಇಮೇಲ್ ವಿಳಾಸಕ್ಕೆ ಇಲ್ಲದೆ ಹೋಯಿತು. ಇಂದಿನ ಭಾಷಣದ ಮುಖ್ಯ ವಾದವೂ ಇದೇ: ಅಂತರಜಾಲವು ಹೇಳುವ ಕೆಲಸವನ್ನು ಸುಲಭ ಮಾಡಿದೆ, ಉತ್ತರಿಸುವ ಹೊಣೆಯನ್ನು ಮಾತ್ರ ಹಿಂದೆಯೇ ಬಿಟ್ಟುಬಂದಿದೆ.

ಉತ್ತರಿಸುವ ಹೊಣೆಯಿಲ್ಲದ ಕಡೆ ಸಂಖ್ಯೆಯೇ ವಾದದ ಜಾಗವನ್ನು ಆಕ್ರಮಿಸುತ್ತದೆ. ಇದಕ್ಕೆ ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್ ಸಂಸ್ಥೆಯ, ಅನುಭವವು ಸಾಕ್ಷಿ. ಎಲ್ಲ ಜಾಲತಾಣಗಳನ್ನೂ ಸಮಾನ ವೇಗದಲ್ಲಿ, ಸಮಾನ ದರದಲ್ಲಿ ಗ್ರಾಹಕರಿಗೆ ತಲುಪಿಸಬೇಕು ಎಂಬ ತತ್ತ್ವವನ್ನು ಜಾಲ ಸಮಾನತೆ ಎನ್ನುತ್ತಾರೆ. ಆ ವಿಷಯದಲ್ಲಿ 2015ರ ಮಾರ್ಚ್‌ನಲ್ಲಿ ಟ್ರಾಯ್ ನೂರಕ್ಕೂ ಹೆಚ್ಚು ಪುಟಗಳ, ಇಪ್ಪತ್ತು ಪ್ರಶ್ನೆಗಳ ಸಮಾಲೋಚನಾ ಪತ್ರವನ್ನು ಪ್ರಕಟಿಸಿದಾಗ, ಸ್ವಯಂಸೇವಕರು ಅದನ್ನು ಸರಳಗೊಳಿಸಿ, ಸಿದ್ಧ ಉತ್ತರಗಳನ್ನು ಒದಗಿಸಿ, ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋಗುವಂತೆ ಮಾಡಿದರು. ಅದೇ ವರ್ಷದ ಕೊನೆಯಲ್ಲಿ ನಡೆದ ಎರಡನೆಯ ಸಮಾಲೋಚನೆಗೆ ಬಂದವು ಸುಮಾರು 24 ಲಕ್ಷ. ಅವುಗಳಲ್ಲಿ ಬಹುಪಾಲು ಒಂದು ದೊಡ್ಡ ಕಂಪನಿಯು ತನ್ನ ಬಳಕೆದಾರರಿಗೆ ಕೊಟ್ಟ ಸಿದ್ಧ ಮಾದರಿಯ ಪತ್ರಗಳಾಗಿದ್ದು, ಅವು ತಾನು ಕೇಳಿದ ಪ್ರಶ್ನೆಗೆ ಉತ್ತರಗಳೇ ಅಲ್ಲವೆಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರುವರಿಯ ನಿರ್ಣಯವು ಲಕ್ಷಗಳನ್ನು ಎಣಿಸಿ ಹೊರಬಿದ್ದದ್ದಲ್ಲ. ಎರಡೂ ಪಕ್ಷಗಳ ವಾದಗಳನ್ನು ತೂಗಿ, ಕಾರಣಗಳನ್ನು ವಿವರಿಸುವ ಟಿಪ್ಪಣಿಯೊಂದಿಗೆ ಹೊರಬಿದ್ದದ್ದು. ಅಮೆರಿಕದ ಅನುಭವ ಇನ್ನೂ ತೀವ್ರ. ಅಲ್ಲಿ 2017ರಲ್ಲಿ ಇದೇ ವಿಷಯಕ್ಕೆ ಬಂದ ಸುಮಾರು 2 ಕೋಟಿ 20 ಲಕ್ಷ ಅಭಿಪ್ರಾಯಗಳಲ್ಲಿ 1 ಕೋಟಿ 80 ಲಕ್ಷದಷ್ಟು ನಕಲಿಯೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ತನಿಖೆಯು 2021ರಲ್ಲಿ ತಿಳಿಸಿತು.

ಸಂಖ್ಯೆ ದೊಡ್ಡದಾದಾಗ ಹೀಗೆ. ಚಿಕ್ಕದಾದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಸುಮಾರು 1,800 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟುವ ಯೋಜನೆಗೆ 2016ರಲ್ಲಿ ಅಭಿಪ್ರಾಯ ಕೇಳಿದಾಗ ಬಂದ ಇಮೇಲ್‌ಗಳು ಹೆಚ್ಚುಕಡಿಮೆ 300. ಅವುಗಳಲ್ಲಿ ಹೆಚ್ಚಿನವು ಯೋಜನೆಯ ಪರವೆಂದು ಅಧಿಕಾರಿಗಳು ಹೇಳಿದರು. ಅಕ್ಟೋಬರ್‌ನಲ್ಲಿ ಸಾವಿರಾರು ನಾಗರಿಕರು ಅದೇ ರಸ್ತೆಯಲ್ಲಿ ಕೈಕೈ ಹಿಡಿದು ಸರಪಳಿಯಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರವೇ ಯೋಜನೆಯನ್ನು ಕೈಬಿಟ್ಟಿತು. ಇಮೇಲ್ ಪೆಟ್ಟಿಗೆಯ ಮೌನವು ಒಪ್ಪಿಗೆಯಲ್ಲವೆಂಬುದು ಅಧಿಕಾರಿಗಳಿಗೆ ತಿಳಿಯಲು ಜನರು ಬೀದಿಗೆ ಇಳಿಯಬೇಕಾಯಿತು.

ಮತ್ತೆ ಮಣಲಿಗೆ ಬರುವ ಮುನ್ನ ಒಂದು ಗೊಂದಲವನ್ನು ನಿವಾರಿಸಬೇಕು. ಸಂಖ್ಯೆಯು ವಾದವಲ್ಲ ಎಂಬುದು ಈಗ ಹೇಳಿದ ಮಾತು. ದೂರು ಕೂಡ ನೀತಿಯಲ್ಲಿ ಪಾಲ್ಗೊಳ್ಳುವಿಕೆಯಲ್ಲ ಎಂಬುದು ಮುಂದಿನದು. ಚೆನ್ನೈ ಪಾಲಿಕೆಗೆ 1913 ಎಂಬ ದೂರವಾಣಿ ಸಂಖ್ಯೆಯಿದೆ, ಮೊಬೈಲ್ ಆ್ಯಪ್ ಇದೆ. ಮುಖ್ಯಮಂತ್ರಿಗಳ ಸಹಾಯವಾಣಿ 1100 ಇದೆ. ಬೀದಿದೀಪ ಕೆಟ್ಟರೆ, ಚರಂಡಿ ಉಕ್ಕಿದರೆ, ಕಸ ಬಿದ್ದಿದ್ದರೆ ಇವು ಉಪಯುಕ್ತ. ದೂರಿಗೆ ಒಂದು ಸಂಖ್ಯೆ ಸಿಗುತ್ತದೆ, ಅದು ಮುಗಿದಾಗ ಸಂದೇಶ ಬರುತ್ತದೆ. ಆದರೆ ಚರಂಡಿ ಯಾವ ಬೀದಿಗೆ ಮೊದಲು ಬರಬೇಕು, ಪ್ರವಾಹದ ನೀರು ಹರಿಯುವ ಜಾಗದಲ್ಲಿ ಗೋದಾಮಿಗೆ ಪರವಾನಗಿ ಕೊಡಬೇಕೇ ಎಂಬ ಪ್ರಶ್ನೆಗಳನ್ನು ದೂರಿನ ನಮೂನೆಯಲ್ಲಿ ತುಂಬಲು ಬರುವುದಿಲ್ಲ. ಆಡಳಿತಗಳು ತಮ್ಮ ವಾರ್ಷಿಕ ಸಾಧನೆಯಲ್ಲಿ ಬಗೆಹರಿಸಿದ ದೂರುಗಳ ಲೆಕ್ಕವನ್ನು ಜನಸಹಭಾಗಿತ್ವವೆಂದು ತೋರಿಸುವ ಅಭ್ಯಾಸ ಬೆಳೆಸಿಕೊಂಡಿರುವುದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ.

ದೂರು, ಸಮಾಲೋಚನೆಗಳೆರಡಕ್ಕೂ ಮೊದಲು ಬೇಕಾದದ್ದು ಮಾಹಿತಿ. ಈ ಒಂದು ವಿಷಯದಲ್ಲಿ ಅಂತರಜಾಲವು ಮಣಲಿಗೆ ನಿಜವಾದ ಉಪಕಾರ ಮಾಡಿದೆ. ಊರಿನಲ್ಲಿ ಕೇಂದ್ರ ಮಂಡಳಿಯದೊಂದು, ತಮಿಳುನಾಡು ಮಂಡಳಿಯದೊಂದು ಸ್ವಯಂಚಾಲಿತ ವಾಯುಮಾಪನ ಕೇಂದ್ರಗಳಿವೆ. ಕೂದಲಿನ ದಪ್ಪಕ್ಕಿಂತ ಹಲವು ಪಟ್ಟು ಸಣ್ಣದಾಗಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಧೂಳಿನ ಕಣಗಳು, ಗಂಧಕದ ಡೈಆಕ್ಸೈಡ್ ಮುಂತಾದವುಗಳ ಪ್ರಮಾಣವನ್ನು ಅಳೆಯುವ ಅಂಥ ಕೇಂದ್ರಗಳ ಅಂಕಿಗಳನ್ನು ಯಾರು ಬೇಕಾದರೂ ತಮ್ಮ ಫೋನಿನಲ್ಲಿ ನೋಡಬಹುದು. 2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕವು ಆ ಅಂಕಿಗಳನ್ನು ಉತ್ತಮ, ತೃಪ್ತಿಕರ, ಕಳಪೆ ಎಂಬ ಸುಲಭ ಮಾತುಗಳಿಗೆ ಇಳಿಸಿತು. ಇನ್ನೂ ಮುಂದೆ ಹೋಗಿ, 2017ರ ಫೆಬ್ರುವರಿಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೊರಸೂಸುವಿಕೆಯನ್ನು ಎಡೆಬಿಡದೆ ಅಳೆಯುವ ಉಪಕರಣಗಳ ಅಂಕಿಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳ ಜಾಲತಾಣಗಳಲ್ಲಿ ಸಾರ್ವಜನಿಕರಿಗೆ ಕಾಣಬೇಕೆಂದು ಆದೇಶಿಸಿತು. ಮೂಗಿಗೆ ಬಡಿದ ವಾಸನೆಯನ್ನು ಅಂಕಿಯೊಡನೆ ಹೋಲಿಸಿ ನೋಡುವ ಶಕ್ತಿ ಇದರಿಂದ ನಾಗರಿಕನಿಗೆ ಬರುತ್ತದೆ.

ಮಾಹಿತಿಯು ಸರ್ಕಾರದಿಂದ ಜನರಿಗೆ ಹರಿಯುವುದು ಮಾತ್ರವಲ್ಲ, ಎದುರು ದಿಕ್ಕಿನಲ್ಲೂ ಹರಿಯುತ್ತದೆ. ಇದಕ್ಕೆ ಎಣ್ಣೂರಿನ ನಕ್ಷೆಯ ಪ್ರಕರಣವು ಬಹಳ ಬೋಧಪ್ರದವಾದುದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಸಮುದ್ರತೀರದ ಯಾವ ಭಾಗದಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂಬುದನ್ನು ತೋರಿಸುವ ಅಧಿಕೃತ ದಾಖಲೆಗೆ ಕರಾವಳಿ ವಲಯ ನಿರ್ವಹಣಾ ಯೋಜನೆ ಎಂದು ಹೆಸರು. ಕೇಂದ್ರವು 1996ರಲ್ಲಿ ಅನುಮೋದಿಸಿದ ನಕ್ಷೆಯಲ್ಲಿ ಎಣ್ಣೂರಿನ ಅಳಿವೆ, ಅದರ ಉಪ್ಪುನೀರಿನ ಬಯಲು, ಕಾಂಡ್ಲಾ ಕಾಡು ಎಲ್ಲವೂ ರಕ್ಷಿತ ಜಲಪ್ರದೇಶವಾಗಿದ್ದವು. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರವಾಗಿ ರಾಜ್ಯದ ಪ್ರಾಧಿಕಾರವು ಕೊಟ್ಟ ಇನ್ನೊಂದು ನಕ್ಷೆಯಲ್ಲಿ ಸುಮಾರು 6,500 ಎಕರೆಯಷ್ಟು ಅಳಿವೆಯೇ ಇರಲಿಲ್ಲ. ಈ ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು 2017ರಲ್ಲಿ ನಾಗರಿಕ ಗುಂಪುಗಳು ಬಹಿರಂಗಪಡಿಸಿದವು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಸಂಗೀತದ ಗಾಯಕ ಟಿ. ಎಂ. ಕೃಷ್ಣ ಅವರು ಎಣ್ಣೂರಿನ ಹಾರುಬೂದಿಯ ನಡುವೆ ನಿಂತು ಹಾಡಿದ ಚೆನ್ನೈ ಪೊರಂಬೋಕು ಪಾಡಲ್ ಎಂಬ ಹಾಡಿನ ವಿಡಿಯೋ ಅಂತರಜಾಲದಲ್ಲಿ ಹರಡಿತ್ತು. ಅಕ್ಟೋಬರ್‌ನಲ್ಲಿ ನಟ ಕಮಲ್ ಹಾಸನ್ ಅವರು ಟ್ವೀಟ್ ಮಾಡಿ, ಮರುದಿನ ಸ್ಥಳಕ್ಕೇ ಹೋದರು. ಹಾಡು, ನಟನ ಭೇಟಿ, ನಕ್ಷೆ ಈ ಮೂರರಲ್ಲಿ ನೀತಿಯ ದೃಷ್ಟಿಯಿಂದ ಅತಿ ಶುಷ್ಕವಾದ ನಕ್ಷೆಯೇ ಅತಿ ಬಲವಾದ ವಸ್ತು. ಹಾಡಿಗೆ ಸರ್ಕಾರವು ಉತ್ತರ ಕೊಡಬೇಕಾಗಿಲ್ಲ. ತನ್ನದೇ ಎರಡು ನಕ್ಷೆಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಆರು ವರ್ಷಗಳ ಬಳಿಕ ಮಣಲಿ ಮತ್ತು ಎಣ್ಣೂರುಗಳ ಸಂಬಂಧವು ಇನ್ನೂ ಕಟುವಾಗಿ ಗೋಚರಿಸಿತು. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆನೀರು ಕೈಗಾರಿಕಾ ಪ್ರದೇಶವನ್ನು ಆವರಿಸಿದಾಗ, ಮಣಲಿಯ ಸಂಸ್ಕರಣಾಗಾರದ ಆವರಣದಿಂದ ತೈಲವು ನೆರೆನೀರಿನೊಡನೆ ಹೊರಬಂದು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಅಳಿವೆಯನ್ನು ಸೇರಿತೆಂದು ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತು. ದೋಣಿಗಳು, ಬಲೆಗಳು, ಮನೆಗಳ ಗೋಡೆಗಳು ಕಪ್ಪಾದವು. ಮೀನುಗಾರರು ಬಕೆಟ್ಟು ಮಗ್ಗುಗಳಿಂದಲೇ ಎಣ್ಣೆಯನ್ನು ಬಾಚತೊಡಗಿದರು. ಆ ದೃಶ್ಯಗಳು ಫೋನುಗಳಿಂದ ಹೊರಟು ದೇಶವನ್ನು ತಲುಪಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಆದರೆ ಇದು ನೀತಿಯ ಸಮಾಲೋಚನೆಯಲ್ಲ, ಹಾನಿಯಾದ ಮೇಲಿನ ವಿಚಾರಣೆ. ನೆರೆ ಬಂದಾಗ ಕಾರ್ಖಾನೆಯ ಆವರಣದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮುಂಚೆಯೇ ಕೇಳಬೇಕಾದ ಸಭೆ ಯಾವುದು, ಅದಕ್ಕೆ ಉತ್ತರಿಸಬೇಕಾದವರು ಯಾರು ಎಂಬುದೇ ನೀತಿಯ ಪ್ರಶ್ನೆ.

ಈವರೆಗೆ ಮೂರು ಸಂಗತಿಗಳನ್ನು ನೋಡಿದಂತಾಯಿತು. ಭಾಷೆಯಿಲ್ಲದೆ ಕರಡು ತಲುಪುವುದಿಲ್ಲ. ಸಂಖ್ಯೆಯು ವಾದದ ಬದಲಿಯಾಗುವುದಿಲ್ಲ. ಖಚಿತ ಮಾಹಿತಿಯು ಸರ್ಕಾರವನ್ನು ಉತ್ತರದ ಹತ್ತಿರಕ್ಕೆ ಒಯ್ಯುತ್ತದೆ. ಉಳಿದಿರುವುದು ಉತ್ತರವನ್ನು ಕಡ್ಡಾಯಗೊಳಿಸುವ ಬಗೆ.

ಅಮೆರಿಕದಲ್ಲಿ 1946ರ ಆಡಳಿತ ಕಾರ್ಯವಿಧಾನ ಕಾಯಿದೆಯ ಪ್ರಕಾರ ನಿಯಮ ಮಾಡುವ ಇಲಾಖೆಯು ಕರಡನ್ನು ಪ್ರಕಟಿಸಿ ಅಭಿಪ್ರಾಯ ಪಡೆಯಬೇಕು. ಬಂದವುಗಳಲ್ಲಿ ಮಹತ್ವದ ಆಕ್ಷೇಪಣೆಗಳಿಗೆ ಅಂತಿಮ ನಿಯಮದ ಜೊತೆಗೇ ಉತ್ತರಿಸದಿದ್ದರೆ ನ್ಯಾಯಾಲಯವು ನಿಯಮವನ್ನೇ ರದ್ದುಮಾಡಬಹುದು. ನಕಲಿ ಪತ್ರಗಳ ಪ್ರವಾಹದ ನಡುವೆಯೂ ಅಲ್ಲಿನ ವ್ಯವಸ್ಥೆ ಅರ್ಥಹೀನವಾಗದಿರಲು ಕಾರಣ ಈ ಹೊಣೆ. ತೈವಾನಿನಲ್ಲಿ 2015ರ ಸುಮಾರಿಗೆ ಇನ್ನೊಂದು ಬಗೆಯ ಪ್ರಯೋಗ ನಡೆಯಿತು. ಆ್ಯಪ್ ಆಧಾರಿತ ಬಾಡಿಗೆ ಕಾರುಗಳ ಕುರಿತು ಜನರು ಬರೆದ ಪುಟ್ಟ ಹೇಳಿಕೆಗಳಿಗೆ ಇತರರು ಒಪ್ಪಿಗೆ, ಅಸಮ್ಮತಿ ಸೂಚಿಸುವಂತೆ ಮಾಡಿ, ಪರಸ್ಪರ ವಿರೋಧಿಗಳೂ ಒಪ್ಪಿದ ಅಂಶಗಳನ್ನು ಗಣಕದಿಂದ ಹೆಕ್ಕಿ, ಅವುಗಳನ್ನು ಸರ್ಕಾರದ ಮುಂದಿಡಲಾಯಿತು. ಅದು ಆಕರ್ಷಕ ಪ್ರಯೋಗವಾದರೂ ಅದರ ಫಲವನ್ನು ಪಾಲಿಸಲೇಬೇಕೆಂಬ ಕಾನೂನು ಅಲ್ಲಿಯೂ ಇರಲಿಲ್ಲ. ಯಂತ್ರದ ಚಾತುರ್ಯಕ್ಕಿಂತ ಕಾನೂನಿನ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ ಎಂದು ಇದರಿಂದ ತಿಳಿಯಬೇಕು.

ಭಾರತದಲ್ಲಿ ಆ ಸಾಲು ಅರ್ಧ ಬರೆಯಲ್ಪಟ್ಟಿದೆ. ಆರಂಭದಲ್ಲಿ ಹೇಳಿದ 2014ರ ಸೂಚನೆಯು ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದೂ, ಬಂದ ಅಭಿಪ್ರಾಯಗಳ ಸಾರಾಂಶವನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದೂ ಹೇಳುತ್ತದೆ. ಆದರೆ ಅದು ಆಡಳಿತದ ಸೂಚನೆ, ಕಾಯಿದೆಯಲ್ಲ. ಪಾಲಿಸದಿದ್ದರೆ ಯಾರೂ ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾಗಿಲ್ಲ. 2016ರ ಮೇ ತಿಂಗಳಲ್ಲಿ, ಫೋನ್ ಕರೆಗಳು ಅರ್ಧಕ್ಕೆ ಕಡಿದುಹೋದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂಬ ಟ್ರಾಯ್ ನಿಯಮವನ್ನು ರದ್ದುಪಡಿಸುತ್ತ ಸರ್ವೋಚ್ಚ ನ್ಯಾಯಾಲಯವು, ಅಮೆರಿಕದ ಮಾದರಿಯ ಸಮಾಲೋಚನಾ ಕಾಯಿದೆಯೊಂದನ್ನು ಸಂಸತ್ತು ತರುವುದು ಒಳಿತೆಂದು ಸಲಹೆ ಮಾಡಿತು. ತೀರ್ಪಿನಲ್ಲಿ ಸೋತದ್ದು ಗ್ರಾಹಕರ ಪರವಾದ ನಿಯಮವೇ ಎಂಬುದು ವಿಚಿತ್ರವಾದರೂ, ಕಾರಣ ಕೊಡದ ಒಳ್ಳೆಯ ನಿಯಮವೂ ನಿಲ್ಲಲಾರದು ಎಂಬ ತತ್ತ್ವ ಮಣಲಿಯಂಥ ಊರುಗಳಿಗೆ ನಷ್ಟದ್ದಲ್ಲ.

ಕಾಯಿದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ತಮಿಳುನಾಡು 2022ರಲ್ಲಿ ವಾರ್ಡ್ ಸಮಿತಿ ಮತ್ತು ಪ್ರದೇಶ ಸಭೆಗಳ ನಿಯಮಗಳನ್ನು ಹೊರಡಿಸಿ, ಅದೇ ವರ್ಷದ ನವೆಂಬರ್ 1ರಂದು ಪ್ರದೇಶ ಸಭೆಗಳನ್ನು ಆರಂಭಿಸಿತು. ವಾರ್ಡಿನ ಒಂದೊಂದು ಭಾಗದ ಮತದಾರರು ಕೂಡಿ ಕೂರುವ ಈ ಸಭೆಗಳು ಅಂತರಜಾಲವಿಲ್ಲದವರಿಗೂ ತಲುಪುತ್ತವೆ. ಇತ್ತ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರವು ನಗರದ ಮೂರನೆಯ ಮಹಾಯೋಜನೆಯ ಮುನ್ನೋಟಕ್ಕಾಗಿ ಅಂತರಜಾಲದಲ್ಲೂ ನೇರ ಸಭೆಗಳಲ್ಲೂ ಜನರ ಅಭಿಪ್ರಾಯವನ್ನು ಸಂಗ್ರಹಿಸಿದೆ. 2008ರಲ್ಲಿ ಜಾರಿಗೆ ಬಂದ ಎರಡನೆಯ ಮಹಾಯೋಜನೆಯ ತರುವಾಯ ಬರುವ ಈ ಯೋಜನೆಯೇ ಮಣಲಿಯಲ್ಲಿ ಮನೆಗೂ ಕಾರ್ಖಾನೆಗೂ ನಡುವೆ ಎಷ್ಟು ಅಂತರವಿರಬೇಕು, ನೆರೆನೀರಿಗೆ ಯಾವ ಜಾಗ ಬಿಡಬೇಕು ಎಂಬುದನ್ನು ಮುಂದಿನ ಇಪ್ಪತ್ತು ವರ್ಷಗಳ ಮಟ್ಟಿಗೆ ತೀರ್ಮಾನಿಸಲಿದೆ. ಕರಡಿನಲ್ಲಿ ಮಣಲಿಗೆ ಸಂಬಂಧಿಸಿದ ಪುಟಗಳನ್ನು ತಮಿಳಿನಲ್ಲಿ ಬೇರೆಯಾಗಿ ಅಚ್ಚುಹಾಕಿ, ಅದರ ಧ್ವನಿಮುದ್ರಿಕೆಯನ್ನು ಫೋನಿಗೆ ಕಳುಹಿಸಿ, ಪ್ರದೇಶ ಸಭೆಯಲ್ಲಿ ಓದಿಸಿ, ಸಭೆಯಲ್ಲಿ ಆಡಿದ ಮಾತನ್ನೂ ಇಮೇಲಿನಲ್ಲಿ ಬಂದ ಮಾತನ್ನೂ ಒಂದೇ ತಃಖ್ತೆಯಲ್ಲಿ ದಾಖಲಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ತಃಖ್ತೆಯ ಮೊದಲ ಅಂಕಣದಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಪ್ರಾಧಿಕಾರದ ಉತ್ತರ, ಮೂರನೆಯದರಲ್ಲಿ ಕರಡಿನ ಯಾವ ಸಾಲು ಅದರಿಂದ ಬದಲಾಯಿತು ಅಥವಾ ಬದಲಾಗಲಿಲ್ಲ ಎಂಬ ವಿವರ ಇರಬೇಕು. ಅಂತಿಮ ಯೋಜನೆಯು ಪ್ರಕಟವಾಗುವ ದಿನವೇ ಈ ತಃಖ್ತೆಯೂ ಅದೇ ಜಾಲತಾಣದಲ್ಲಿ ಪ್ರಕಟವಾಗಿ, ಮಣಲಿಯ ವಲಯ ಕಚೇರಿಯ ಗೋಡೆಯ ಮೇಲೂ ಅಂಟಬೇಕು.